ಕಿವಿ ಪೀರಿಯಡ್

ಸಾಗರದಿಂದ ಹೊಸನಗರದ ಕಡೆಗೆ ಹೋಗುವ ಬೆಳಗಿನ ಖಾಸಗಿ ಬಸ್ಸಿನಲ್ಲಿ, ಡ್ರೈವರ್ ಹಿಂದಿನ ಎರಡನೇ ಸೀಟಿನ ಕಿಟಕಿ ಪಕ್ಕದ ಜಾಗ ನನ್ನದು. ಹಾಗಂತ ಎಲ್ಲೂ ಬರೆದಿಲ್ಲ, ಆದರೆ ಅಲ್ಲಿ ಬೇರೆ ಯಾರಾದರೂ ಕೂತರೆ ಕಂಡಕ್ಟರೇ ಎಬ್ಬಿಸುತ್ತಾನೆ. ಹತ್ತಿದ ಕೂಡಲೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚುತ್ತೇನೆ. ನಿದ್ದೆ ಮಾಡುವುದಿಲ್ಲ. ಯಾವುದೋ ದೇಶದ ಒಬ್ಬಾಕೆ ಮೆಲುದನಿಯಲ್ಲಿ ನೀಲಿ ತಿಮಿಂಗಿಲದ ಹೃದಯದ ಬಗ್ಗೆ ಹೇಳುತ್ತಿರುತ್ತಾಳೆ. ಅದು ಆಳಕ್ಕೆ ಇಳಿದಂತೆ ಹೃದಯ ನಿಧಾನವಾಗುತ್ತ ಹೋಗುತ್ತದಂತೆ, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ನಾವು ಒಂದು ಉದ್ದದ ಮಾತು ಆಡಿ ಮುಗಿಸಬಹುದಂತೆ. ಕಣ್ಣು ತೆರೆದರೆ ಹೊರಗೆ ಶರಾವತಿಯ ಹಿನ್ನೀರು, ಅದರ ಮೇಲೆ ಕೂತ ಮಂಜು, ಮಂಜಿನಿಂದ ತಲೆ ಹೊರಹಾಕಿದ ಮುಳುಗಿದ ಮರಗಳ ಬೊಡ್ಡೆಗಳು. ಆ ನೀರಿನೊಳಗೆ ತಿಮಿಂಗಿಲ ಇದ್ದರೂ ಇದ್ದೀತು ಅನ್ನಿಸುತ್ತದೆ. ಎರಡು ಸಲ ಇಳಿಯುವ ಸ್ಟಾಪು ಬಿಟ್ಟು ಮುಂದೆ ಹೋಗಿದ್ದೇನೆ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು. ನಾನೇ ಹೈಸ್ಕೂಲು ಓದಿದ್ದು ತೀರ್ಥಹಳ್ಳಿಯಲ್ಲಿ. ನಮ್ಮ ಮೇಷ್ಟ್ರು ಕಪ್ಪೆಯ ಹೃದಯಕ್ಕೆ ಮೂರು ಕೋಣೆ ಎಂದು ಹತ್ತು ಸಲ ಬರೆಸುತ್ತಿದ್ದರು. ಹೊರಗೆ ಹೊಂಡದಲ್ಲಿ ನಿಜವಾದ ಕಪ್ಪೆಗಳು ವಟಗುಟ್ಟಲು ಶುರುಮಾಡಿದರೆ, "ಕಿಟಕಿ ಹಾಕ್ರೋ, ಪಾಠ ಕೇಳ್ಸಲ್ಲ" ಅನ್ನುತ್ತಿದ್ದರು. ನಾನು ಟೀಚರಾದರೆ ಕಿಟಕಿ ಹಾಕಿಸುವುದಿಲ್ಲ ಎಂದು ಅಂದೇ ನಿರ್ಧಾರ ಮಾಡಿದ್ದೆ. ಚಿಕ್ಕಂದಿನಿಂದಲೂ ನನಗೆ ಬೇರೆಯವರಿಗಿಂತ ನಾನು ಸ್ವಲ್ಪ ಹೆಚ್ಚು ಅನ್ನುವ ಜಂಬ ಇತ್ತು. ಅದೇನೂ ಈಗಲೂ ಪೂರ್ತಿ ಇಳಿದಿಲ್ಲ.

ಬಸ್ಸಿನಲ್ಲಿ ಕೇಳಿದ್ದನ್ನು ತರಗತಿಗೂ ಒಯ್ದರೆ ಹೇಗೆ ಅನ್ನಿಸಿದ್ದು ಮೂರು ವರ್ಷದ ಹಿಂದೆ. ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ಕೈತೋಟದ ಪಪ್ಪಾಯಿ ಮರದ ಬುಡದಲ್ಲಿ ಮಾತ್ರ. ಅದಕ್ಕೆ ಸಾಗರದ ಮನೆಯಲ್ಲೇ ವಿಜ್ಞಾನದ ಪಾಡ್‌ಕಾಸ್ಟ್‌ಗಳನ್ನು ಡೌನ್‌ಲೋಡ್ ಮಾಡಿಕೊಂಡು, ಅಂಗೈ ಅಗಲದ ಒಂದು ಸ್ಪೀಕರನ್ನು ಬ್ಯಾಗಿಗೆ ಹಾಕಿಕೊಂಡು ಹೋಗುತ್ತಿದ್ದೆ. ಬಿಸಿಯೂಟ ಆದಮೇಲಿನ ಪೀರಿಯಡ್ ನನ್ನದು. ಒಂಬತ್ತನೇ ತರಗತಿಯ ಮಕ್ಕಳಿಗೆ ಬೆಂಚಿನ ಮೇಲೆ ಕೈಯಿಟ್ಟು, ಕೈಯ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಲು ಹೇಳುತ್ತಿದ್ದೆ. ಮಕ್ಕಳಿಗೆ ಇನ್ನೇನು ಬೇಕು! ಮೊದಲ ದಿನ ಅರ್ಧ ಕ್ಲಾಸು ನಿಜವಾಗಿಯೂ ನಿದ್ದೆ ಹೋಯಿತು. ಅವರು ಅದಕ್ಕೆ ಕಿವಿ ಪೀರಿಯಡ್ ಎಂದು ಹೆಸರಿಟ್ಟರು.

ಕನ್ನಡದ ಪಾಡ್‌ಕಾಸ್ಟ್ ಆದರೆ ಹಾಗೇ ಬಿಡುತ್ತಿದ್ದೆ. ಇಂಗ್ಲಿಷಿನದಾದರೆ ಎರಡು ಮಾತಿಗೊಮ್ಮೆ ನಿಲ್ಲಿಸಿ, ಅದೇ ಮೆಲುದನಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ. ಆ ಮಧ್ಯಾಹ್ನಗಳು ನನ್ನ ನೆನಪಿನಲ್ಲಿ ನೀರಿನ ಕೆಳಗಿನಿಂದ ನೋಡಿದ ಹಾಗೆ ಉಳಿದಿವೆ. ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ನಿಧಾನ ಸರಿಯುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಎಲ್ಲೋ ದೂರದ ಊರಿನಿಂದ ಬಂದಂತೆ ಬರುತ್ತಿತ್ತು. ಮೂವತ್ತೊಂದು ತಲೆಗಳು ಮಲಗಿರುತ್ತಿದ್ದವು, ಮೂವತ್ತೊಂದು ಜೊತೆ ಕಿವಿಗಳು ಎದ್ದಿರುತ್ತಿದ್ದವು. ಜೇನುಗೂಡಿನೊಳಗಿನ ಗುಂಯ್ ಎನ್ನುವ ಸದ್ದು ಕೇಳಿಸಿದ ದಿನ ಯಾರೋ ಒಬ್ಬಳ ತುಟಿ ತಾನೂ ಗುಂಯ್ ಅನ್ನುತ್ತಿತ್ತು. ತಿಮಿಂಗಿಲದ ದಿನ ಎಲ್ಲರೂ ಬೆರಳನ್ನು ಮಣಿಕಟ್ಟಿಗೆ ಒತ್ತಿ ತಮ್ಮ ತಮ್ಮ ನಾಡಿ ಎಣಿಸಿದರು. ಆಕ್ಟೋಪಸ್ಸಿಗೆ ಮೂರು ಹೃದಯ ಎಂದ ದಿನ ಕೊನೆಯ ಬೆಂಚಿನಿಂದ, "ಮಿಸ್, ಹಂಗಾರೆ ಹಾರ್ಟ್ ಫೇಲ್ ಆದ್ರೆ ಯಾವ್ದು ಫೇಲ್ ಆಗೋದು?" ಎಂಬ ಪ್ರಶ್ನೆ ಬಂತು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದರಲ್ಲೂ ಆಗ ಒಂದು ಸುಖ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಆಸೆ ಹುಟ್ಟಿತು. ಮಕ್ಕಳೇ ಯಾಕೆ ಪಾಡ್‌ಕಾಸ್ಟ್ ಮಾಡಬಾರದು? ಪ್ರತಿಯೊಬ್ಬರೂ ತಮ್ಮ ಮನೆಯ ಸುತ್ತಲಿನ ಒಂದು ಜೀವಿಯನ್ನು ಆರಿಸಿಕೊಂಡು, ಅದರ ಬಗ್ಗೆ ಎರಡು ನಿಮಿಷ ಮಾತಾಡಿ, ಮನೆಯ ಫೋನಿನಿಂದ ನನಗೆ ವಾಟ್ಸಾಪ್ ಮಾಡಬೇಕು. ಅಚ್ಚುಕಟ್ಟಾದ ಒಂದು ಕ್ರಮವನ್ನೂ ಹೇಳಿಕೊಟ್ಟೆ. ಮೊದಲು ನಮಸ್ಕಾರ, ಆಮೇಲೆ ವಿಷಯ, ಕೊನೆಗೆ ಕೇಳುಗರಿಗೆ ಒಂದು ಪ್ರಶ್ನೆ. "ಪ್ರಶ್ನೆ ಇಲ್ದಿದ್ರೆ ಕೇಳೋರು ಮರ್ತೇ ಬಿಡ್ತಾರೆ" ಎಂದು ದೊಡ್ಡದಾಗಿ ಹೇಳಿದ್ದೆ.

ಒಬ್ಬ ರಕ್ತ ಹೀರುವ ಉಂಬಳ ಆರಿಸಿಕೊಂಡ, ಇನ್ನೊಬ್ಬಳು ಚಟ್ನಿ ಮಾಡುವ ಕೆಂಪು ಚಗಳಿ ಇರುವೆಯನ್ನು. ಮೂರನೇ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುವ ಹುಡುಗಿ, "ನಾನು ಮಂಗ ಮಾಡ್ತೀನಿ ಮಿಸ್" ಅಂದಳು. ಕ್ಲಾಸೆಲ್ಲ ನಕ್ಕಿತು. ಅವಳು ನಗಲಿಲ್ಲ. ಕಡಿಮೆ ಮಾತಿನ ಹುಡುಗಿ, ದನಿ ಸ್ವಲ್ಪ ಒಡಕು, ಆದರೆ ಕೇಳಲು ಹಿತ. ಶಾಲೆಯಿಂದ ಮೂರು ಕಿಲೋಮೀಟರ್ ಒಳಗೆ, ದಟ್ಟ ಕಾನಿನ ಅಂಚಿನಲ್ಲಿ ಅವರ ಮನೆ. ತಂದೆ ಲಾರಿಯಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ತಾಯಿ ಎರಡು ಹಸು ಸಾಕಿಕೊಂಡು, ಬೇಸಿಗೆ ಹತ್ತಿರವಾದಂತೆ ಕೊಟ್ಟಿಗೆಗೆ ಹಾಸಲು ಕಾನಿನಿಂದ ದರಕು, ಅಂದರೆ ಒಣಗಿ ಬಿದ್ದ ಎಲೆ, ಗುಡಿಸಿ ತರುತ್ತಿದ್ದರು.

ಶನಿವಾರ ಸಂಜೆಯಿಂದ ಒಂದೊಂದೇ ಆಡಿಯೋ ಬರತೊಡಗಿದವು. ಭಾನುವಾರ ಇಡೀ ದಿನ ನಾನು ಸಾಗರದ ಮನೆಯ ಜಗುಲಿಯಲ್ಲಿ ಕಾಲು ಚಾಚಿ ಕೂತು, ಇಯರ್‌ಫೋನ್ ಹಾಕಿಕೊಂಡು ಮಕ್ಕಳ ದನಿಯಲ್ಲಿ ಈಜಿದೆ. ಒಂದರ ಹಿಂದೆ ಕೋಳಿ ಕೂಗುತ್ತಿತ್ತು, ಒಂದರ ಹಿಂದೆ ಅಜ್ಜಿ ಕೆಮ್ಮುತ್ತಿದ್ದರು. ನನಗೆ ಅವಸರವಿತ್ತು. ಮರುದಿನ ಸೋಮವಾರ ಸಾಗರದಲ್ಲಿ ವಿಜ್ಞಾನ ಶಿಕ್ಷಕರ ಸಭೆ ಇತ್ತು. ನಮ್ಮ ಮಕ್ಕಳ ಪಾಡ್‌ಕಾಸ್ಟನ್ನು ಅಲ್ಲಿ ಕೇಳಿಸಲು ನನಗೆ ಕಾಲು ಗಂಟೆ ಕೊಟ್ಟಿದ್ದರು.

ಫೋನಿನ ಪರದೆಯ ಮೇಲೆ ದನಿ ಸಣ್ಣ ದೊಡ್ಡ ಗೆರೆಗಳಾಗಿ ಕಾಣುತ್ತದೆ. ಬೇಡದ ಕಡೆ ಬೆರಳಿಟ್ಟು ಕತ್ತರಿಸಬಹುದು. ಹುರುಳಿಕಾಯಿಯ ನಾರು ತೆಗೆಯುವ ಹಾಗೆ ನಾನು "ಆಮೇಲೆ"ಗಳನ್ನು, "ಉಂ"ಗಳನ್ನು, ಕೋಳಿಗಳನ್ನು ತೆಗೆಯುತ್ತ ಹೋದೆ. ಕೆಲಸದಲ್ಲಿ ಎಷ್ಟು ಮುಳುಗಿದ್ದೆ ಎಂದರೆ ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಮಾಡಿದೆ.

ಮಂಗದ ಆಡಿಯೋ ಮೂರು ನಿಮಿಷ ಇತ್ತು. ಮೊದಲ ಎರಡು ನಿಮಿಷ ಬಹಳ ಚೆನ್ನಾಗಿತ್ತು. ಮಂಗಗಳ ಗುಂಪು, ಮರಿಗಳ ಆರೈಕೆ, ಹಣ್ಣು ತಿಂದು ಬೀಜ ಹರಡುವುದು, ಎಲ್ಲವನ್ನೂ ಅಚ್ಚಗನ್ನಡದಲ್ಲಿ, ತಡವರಿಸದೆ ಹೇಳಿದ್ದಳು. ಕೊನೆಯ ಒಂದು ನಿಮಿಷಕ್ಕೆ ಬಂದಾಗ ಅವಳ ಕನ್ನಡ ಮನೆಯ ಕನ್ನಡವಾಯಿತು, ಗಾಳಿಯ ಸದ್ದು ಜಾಸ್ತಿಯಾಯಿತು, ಮಾತು ಅಲ್ಲಲ್ಲಿ ನಿಂತಿತು. ಈ ಭಾಗ ಸಭೆಗೆ ಸರಿಹೋಗುವುದಿಲ್ಲ ಎಂದು ಮೊದಲ ಸಲ ಕೇಳಿದಾಗಲೇ ತೀರ್ಮಾನಿಸಿದೆ. ಕತ್ತರಿಸಿದ್ದು ಗೊತ್ತಾಗಬಾರದಲ್ಲ, ಅದಕ್ಕೆ ಅವಳು ಉಸಿರು ತೆಗೆದುಕೊಳ್ಳುವ ಜಾಗ ಹುಡುಕಲು ಎರಡನೇ ಸಲ ಕೇಳಿದೆ. ಸರಿಯಾಗಿ ಬಂತೇ ಎಂದು ನೋಡಲು ಮೂರನೇ ಸಲ. ಆ ಒಂದು ನಿಮಿಷ ಹೋದ ಮೇಲೆ ಆಡಿಯೋ ಕೊಳದ ನೀರಿನ ಹಾಗೆ ತಿಳಿಯಾಯಿತು. ನನಗೆ ತುಂಬ ಖುಷಿಯಾಯಿತು.

ಸೋಮವಾರದ ಸಭೆಯಲ್ಲಿ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದೆ. ನಲವತ್ತು ಜನ ಮೇಷ್ಟ್ರು, ಟೀಚರುಗಳು ಮಕ್ಕಳಂತೆ ಕಣ್ಣು ಮುಚ್ಚಿದರು. ಮಂಗದ ಹುಡುಗಿಯ ಒಡಕು ದನಿ ಆ ಹಾಲಿನ ತುಂಬ ಓಡಾಡಿತು. ಮುಗಿದ ಮೇಲೆ ಹಿರಿಯರೊಬ್ಬರು, "ಹಳ್ಳಿ ಮಕ್ಕಳ ಬಾಯಲ್ಲಿ ಎಂಥಾ ಶುದ್ಧ ಕನ್ನಡ ಮೇಡಂ!" ಅಂದರು. ಚಪ್ಪಾಳೆ ಬಿತ್ತು. ಮನೆಗೆ ನಡೆದುಕೊಂಡು ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮುಂದಿನ ವಾರ ಆ ಹುಡುಗಿ ಶಾಲೆಗೆ ಬರಲಿಲ್ಲ. ಮೂರನೇ ದಿನ, ಅವಳ ತಾಯಿಗೆ ಜ್ವರ, ಸಾಗರದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಪಕ್ಕದ ಮನೆಯ ಹುಡುಗ ಹೇಳಿದ. ಆ ಮಧ್ಯಾಹ್ನವೇ ಆಶಾ ಕಾರ್ಯಕರ್ತೆ ನಮ್ಮ ಸ್ಟಾಫ್ ರೂಮಿಗೆ ಬಂದರು. ಬಿಸಿಲಲ್ಲಿ ನಡೆದು ಬಂದಿದ್ದರು, ಸಿಟ್ಟಿನಲ್ಲಿದ್ದರು.

"ಮಂಗನ ಕಾಯಿಲೆ ಮೇಡಂ. ರಿಪೋರ್ಟ್ ಬಂತು. ಅವ್ರ ಮನೆ ಹಿಂದೆ ಮಂಗ ಸತ್ತು ಬಿದ್ದಿತ್ತಂತೆ. ಈ ಅಮ್ಮ ಅದನ್ನ ಮಣ್ಣು ಮಾಡಿ, ತೆಂಗಿನಕಾಯಿ ಒಡ್ದು, ಊದಿನಕಡ್ಡಿ ಹಚ್ಚಿ ಬಂದಿದಾರೆ. ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ನಮಗೆ ಹೇಳಿ ಅಂತ ಮನೆಮನೆಗೆ ಹೋಗಿ ಬಾಯಿ ಬಡ್ಕೊಂಡಿದೀನಿ. ಒಬ್ರಾದ್ರೂ ಒಂದು ಮಾತು ಹೇಳ್ಬಾರ್ದಾ?"

ನಮ್ಮ ಕಡೆ ಮಂಗ ಸತ್ತರೆ ಹಾಗೇ ಬಿಡುವುದಿಲ್ಲ. ಆಂಜನೇಯ ಎನ್ನುತ್ತಾರೆ, ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ಇನ್ನೊಂದು ಕಡೆ, ಮಂಗನ ಕಾಯಿಲೆಯಿಂದ ಸತ್ತ ಮಂಗದ ಮೈ ತಣ್ಣಗಾದಂತೆ ಅದರ ಮೇಲಿನ ಉಣುಗುಗಳು, ಅಂದರೆ ರಕ್ತ ಹೀರುವ ಉಣ್ಣೆ ಹುಳಗಳು, ಕೆಳಗಿಳಿದು ಸುತ್ತಲಿನ ಎಲೆಗಳಲ್ಲಿ ಕಾಯುತ್ತವೆ, ಹತ್ತಿರ ಹೋದವರಿಗೆ ಕಚ್ಚಿ ಕಾಯಿಲೆ ಅಂಟಿಸುತ್ತವೆ. ಇದನ್ನು ನಾನೇ ಡಿಸೆಂಬರಿನಲ್ಲಿ ಪಾಠ ಮಾಡಿದ್ದೆ, ಅರ್ಧ ಗಂಟೆಯ ಪಾಡ್‌ಕಾಸ್ಟ್ ಕೂಡ ಕೇಳಿಸಿದ್ದೆ.

ಆಶಾ ಕಾರ್ಯಕರ್ತೆ ಹೋದ ಮೇಲೆ ನನಗೆ ಏನೋ ಅಳುಕು ಶುರುವಾಯಿತು. ಫೋನು ತೆಗೆದು, ಕತ್ತರಿಸುವ ಮೊದಲಿನ ಆಡಿಯೋ ಹುಡುಕಿ, ಕೊನೆಯ ನಿಮಿಷವನ್ನು ಕೇಳಿದೆ.

"ನಮ್ಮನೆ ಹಿಂದ್ಗಡೆ ಕಾನಲ್ಲಿ ಒಂದು ಮಂಗ ಸತ್ತು ಬಿದ್ದೈತೆ. ಅವ್ವ ದರಕಿಗೆ ಹೋದಾಗ ನೋಡ್ತು. ಲೈನ್ ತಾಗಿ ಸತ್ತಿರ್ಬೇಕು ಅಂತ ಅವ್ವ ಹೇಳ್ತು, ಅಲ್ಲೇ ಕರೆಂಟ್ ಲೈನ್ ಹೋಗೈತೆ. ಆಂಜನೇಯನ್ನ ಹಂಗೇ ಬಿಡಬಾರ್ದು, ಮಣ್ಣು ಮಾಡ್ಬೇಕು ಅಂತೈತೆ. ಆದ್ರೆ ಕಾಯ್ಲೆ ಮಂಗ ಆದ್ರೆ ಹತ್ರ ಹೋಗ್ಬಾರ್ದು ಅಂದಿದ್ರಲಾ ಮಿಸ್. ಲೈನ್ ತಾಗಿದ್ದಾ, ಕಾಯ್ಲೆದಾ ಅಂತ ಹೆಂಗೆ ಗೊತ್ತಾಗುತ್ತೆ? ಮಣ್ಣು ಮಾಡ್ಬೋದಾ ಮಿಸ್? ಇದೇ ನನ್ನ ಪ್ರಶ್ನೆ."

ಮೂರು ಸಲ ಕೇಳಿದ್ದೆ. ಗಾಳಿ ಕೇಳಿಸಿತ್ತು, ಉಸಿರು ಕೇಳಿಸಿತ್ತು, "ಹೇಳ್ತು" "ಐತೆ" ಎಂಬ ಮನೆಯ ಮಾತು ಕೇಳಿಸಿತ್ತು. ನನ್ನ ಕಡೆಗೆ ತಿರುಗಿ ಒಂದು ಮಗು ಕೇಳುತ್ತಿದೆ ಎಂಬುದು ಕೇಳಿಸಿರಲಿಲ್ಲ. ಕೊನೆಗೊಂದು ಪ್ರಶ್ನೆ ಇರಬೇಕು ಎಂದು ನಾನೇ ಹೇಳಿದ್ದೆನಲ್ಲ, ಇದೂ ಹಾಗೆ ಲೆಕ್ಕಕ್ಕೆ ಸೇರಿಸಿದ ಪ್ರಶ್ನೆ ಎಂದುಕೊಂಡು ದಾಟಿ ಹೋಗಿದ್ದೆ.

ಹೆಡ್‌ಮಾಸ್ಟರಿಗೆ ಕೇಳಿಸಿದೆ. ಅವರು ಕೆಟ್ಟವರಲ್ಲ. ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸಿ, "ಡಿಲೀಟ್ ಮಾಡಿಬಿಡಿ ಮೇಡಂ. ಆಗಿದ್ದು ಆಯ್ತು. ಗೊತ್ತಾದ್ರೆ ಊರಿನವರು ಸುಮ್ನಿರ್ತಾರಾ? ನೀವೇನು ಬೇಕಂತ ಮಾಡಿದ್ದಲ್ಲವಲ್ಲ" ಅಂದರು. ನಾನು ಡಿಲೀಟ್ ಮಾಡಲಿಲ್ಲ. ಆದರೆ ಯಾರಿಗೂ ಹೇಳಲೂ ಇಲ್ಲ. ಎರಡೂ ಅಲ್ಲದ ಆ ಜಾಗದಲ್ಲಿ ನಾನು ಮೂರು ವಾರ ಬದುಕಿದೆ.

ಆ ಮೂರು ವಾರ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳದಿದ್ದರೂ ಆ ಒಡಕು ದನಿ ಬರುತ್ತಿತ್ತು, ಮಂಜಿನೊಳಗಿಂದ, ಎಂಜಿನ್ನಿನ ಸದ್ದಿನೊಳಗಿಂದ, ಮಾಡ್ಬೋದಾ ಮಿಸ್ ಎಂದು. ಇಳಿಯುವ ಸ್ಟಾಪು ಮತ್ತೆ ತಪ್ಪಿತು. ಕಿವಿ ಪೀರಿಯಡ್ ಯಾಕಿಲ್ಲ ಎಂದು ಮಕ್ಕಳು ಕೇಳಿದರೆ ಸ್ಪೀಕರ್ ಹಾಳಾಗಿದೆ ಎಂದು ಸುಳ್ಳು ಹೇಳಿದೆ.

ಆಸ್ಪತ್ರೆಗೆ ಎರಡು ಸಲ ಹೋದೆ. ಎರಡು ಸಲವೂ ಹಣ್ಣಿನ ಚೀಲವನ್ನು ವಾರ್ಡಿನ ಬಾಗಿಲಲ್ಲಿ ನರ್ಸ್ ಕೈಗೆ ಕೊಟ್ಟು ತಿರುಗಿ ಬಂದೆ. ಜ್ವರ ಇಳಿದಿದೆ, ಆದರೆ ಈ ಕಾಯಿಲೆಯಲ್ಲಿ ಇಳಿದ ಜ್ವರ ಮತ್ತೆ ಬರಬಹುದು, ಕಾದು ನೋಡಬೇಕು ಎಂದು ನರ್ಸ್ ಮೊದಲ ಸಲ ಹೇಳಿದರು. ಎರಡನೇ ಸಲ ಹೋದಾಗ ಜ್ವರ ಮತ್ತೆ ಬಂದಿತ್ತು. ಆ ತಾಯಿ ಸತ್ತರೆ ಕೊಂದವಳು ನಾನು ಎಂದು ನನಗೆ ನಾನೇ ಸ್ಪಷ್ಟವಾಗಿ ಹೇಳಿಕೊಂಡಿದ್ದು ಅವತ್ತು, ಆಸ್ಪತ್ರೆಯ ಎದುರಿನ ಆಟೋಸ್ಟ್ಯಾಂಡಿನಲ್ಲಿ ನಿಂತು.

ಅವರು ಉಳಿದರು. ಇಪ್ಪತ್ತೆರಡನೇ ದಿನ ಬಿಡುಗಡೆ ಮಾಡುತ್ತಾರೆ ಎಂದು ಗೊತ್ತಾಗಿ, ರಜೆ ಹಾಕಿ ಬೆಳಿಗ್ಗೆಯೇ ಹೋದೆ. ಹುಡುಗಿ ವಾರ್ಡಿನ ಹೊರಗೆ ಕಲ್ಲುಬೆಂಚಿನ ಮೇಲೆ, ಕಟ್ಟಿಟ್ಟ ಗಂಟಿನ ಪಕ್ಕ ಕೂತಿದ್ದಳು. ಸೊರಗಿ ಹೋಗಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಕೂರಿಸಿ, ನಾನೂ ಕೂತೆ.

"ನಿನ್ನ ಮಂಗದ ಆಡಿಯೋ ವಿಷ್ಯ ಮಾತಾಡ್ಬೇಕಿತ್ತು" ಅಂದೆ.

"ಗೊತ್ತು ಮಿಸ್" ಅಂದಳು. ತಲೆ ಬಗ್ಗಿಸಿಕೊಂಡೇ ಇದ್ದಳು.

"ಏನು ಗೊತ್ತು?"

"ಅವ್ವ ಭಾನುವಾರನೇ ಮಣ್ಣು ಮಾಡನ ಅಂತು. ನಾನೇ ತಡಿ, ಮಿಸ್ ಹತ್ರ ಕೇಳಿದೀನಿ ಅಂದೆ. ಒಂದಿನ ಕಾಯ್ತು. ಮಧ್ಯಾಹ್ನ ವಾಟ್ಸಾಪಲ್ಲಿ ಮೈಕಿನ ಗುರುತು ನೀಲಿ ಆಯ್ತು. ನೀವು ಕೇಳಿದ್ರಿ ಅಂತ ಗೊತ್ತಾಯ್ತು. ಸೋಮವಾರ ಸ್ಕೂಲಿಗೆ ಬಂದೆ, ನೀವಿರ್ಲಿಲ್ಲ. ಸಂಜಿಗೆ ಅವ್ವ ಕೇಳ್ತು, ಮಿಸ್ ಏನಂದ್ರೇ ಅಂತ. ಬೇಡ ಅಂದಿಲ್ಲ ಅಂದೆ. ನಾನು ಹಂಗೆ ಹೇಳ್ಬಾರ್ದಿತ್ತು ಮಿಸ್. ನಾ ಹೇಳಿದ್ದಕ್ಕೇ ಅವ್ವ ಅವತ್ತೇ ಹೋಗಿದ್ದು."

ನಾನು ಗಂಟನ್ನು ಆಚೆಗಿಟ್ಟು ಅವಳ ಹತ್ತಿರಕ್ಕೆ ಸರಿದೆ.

"ನಾನು ಕೇಳಿದ್ದೆ" ಅಂದೆ. "ಮೂರು ಸಲ ಕೇಳಿದ್ದೆ. ನೀನು ಏನು ಕೇಳ್ತಿದೀಯ ಅನ್ನೋದ್ರ ಕಡೆ ಗಮನಾನೇ ಕೊಡ್ಲಿಲ್ಲ. ಆ ಭಾಗ ಚೆನ್ನಾಗಿಲ್ಲ ಅಂತ ಕತ್ತರಿಸಿ ಹಾಕಿ, ಉಳಿದದ್ದನ್ನ ಸಭೇಲಿ ಕೇಳಿಸಿ ಚಪ್ಪಾಳೆ ತಗೊಂಡೆ. ನೀನು ಸರಿಯಾಗೇ ಕೇಳಿದ್ದೆ. ಬೇಡ ಅಂತ ಹೇಳ್ಬೇಕಾಗಿದ್ದವಳು ನಾನು. ಹೇಳ್ಲಿಲ್ಲ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟು ಬರಲಿ ಎಂದು ನಾನು ಕಾಯುತ್ತಿದ್ದೆ, ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳ ಮುಖದಲ್ಲಿ ಬಂದದ್ದು ಬೇರೆ ಏನೋ.

"ಹಂಗಾರೆ ತಪ್ಪು ನಂದಲ್ಲ ಅಲಾ ಮಿಸ್?"

"ನಿಂದಲ್ಲ."

"ಖರೇನಾ?"

"ಖರೇ. ನಿಂದಲ್ಲ. ನಾನೇ ನಿಮ್ಮವ್ವಂಗೆ ಹೇಳ್ತೀನಿ."

ಅಷ್ಟರಲ್ಲಿ ಅವಳು ಎದ್ದಾಗಿತ್ತು. ಗಂಟನ್ನು ಅಲ್ಲೇ ಬಿಟ್ಟು ವಾರ್ಡಿನೊಳಗೆ ಓಡಿದಳು. ತರಗತಿಯಲ್ಲಿ ಎಂದೂ ದನಿಯೆತ್ತದ ಹುಡುಗಿ ಹಾಸಿಗೆಗಳ ಸಾಲಿನ ಆ ತುದಿಗೆ ಕೇಳುವಂತೆ ಕೂಗುತ್ತಿದ್ದಳು. "ಅವ್ವಾ, ನಂದಲ್ಲಂತೆ! ಮಿಸ್ ಬಂದಿದಾರೆ, ನಂದಲ್ಲಂತೆ!"

"ನಿಂದು ಅಂತ ನಾ ಯಾವತ್ತು ಅಂದಿದ್ನೇ?" ಎಂಬ ಬಳಲಿದ ದನಿ ಕೇಳಿಸಿತು. ಆಮೇಲೆ ಹುಡುಗಿ ಅಳುವುದು ಕೇಳಿಸಿತು.

ತಾಯಿಯನ್ನು ಕೊಂದೆನೇನೋ ಎಂಬ ಭಯವನ್ನು ಆ ಮಗು ಇಷ್ಟು ದಿನ ಒಬ್ಬಳೇ ಹೊತ್ತುಕೊಂಡು ಆ ಹಾಸಿಗೆಯ ಪಕ್ಕ ಕೂತಿತ್ತು. ನಾನು ಮೊದಲ ಸಲ ಬಂದ ದಿನ ಹಣ್ಣಿನ ಚೀಲ ಹಿಡಿದು ಒಳಗೆ ಹೋಗಿದ್ದರೆ ಸಾಕಿತ್ತು. ಗಂಟನ್ನು ಎತ್ತಿಕೊಂಡು ನಾನು ವಾರ್ಡಿನ ಬಾಗಿಲು ದಾಟಿದೆ.